ಗ್ಯಾರೇಜಿನಿಂದ ಬಂದ ಪ್ರಣಾಳಿಕೆ

ಬೆಲೆ ಏರಿಕೆ ಬಗ್ಗೆ ಮಾತು ಶುರುವಾದ್ರೆ ನಮ್ಮ ಕ್ಯಾಂಟೀನಿನಲ್ಲಿ ಅದು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ಎಲ್ಲರಿಗೂ ಗೊತ್ತು. ಮೆಸ್ ಬಿಲ್ಲು, ಪಿಜಿ ಅಡ್ವಾನ್ಸು, ಪೆಟ್ರೋಲು, ಆಮೇಲೆ ಯಾವ ಸರ್ಕಾರ ಏನು ಫ್ರೀ ಕೊಡ್ತು, ಯಾವುದು ಏನೂ ಕೊಡಲಿಲ್ಲ. ಅಷ್ಟರಲ್ಲಿ ಟೇಬಲ್ಲು ಎರಡು ಗುಂಪಾಗಿ, ಟೀ ಆರಿಹೋಗಿರುತ್ತೆ. ಈ ಸಲ ನಾವು ಸ್ವಲ್ಪ ದೂರ ಹೋಗಿ ಅಮೆರಿಕದ ಒಂದು ಮೂಲೆಯ ಚುನಾವಣೆಯನ್ನು ನೋಡೋಣ ಅಂದುಕೊಂಡೆವು. ಅಲ್ಲಿನ ರಾಜಕೀಯದ ಹುಚ್ಚೇನೂ ನಮಗಿಲ್ಲ. ಆದರೆ 2022ರಲ್ಲಿ ಅಲ್ಲಿಯ ಸಂಸತ್ತಿಗೆ ನಿಂತ ಒಬ್ಬ ಅಭ್ಯರ್ಥಿ ಜೀವನ ವೆಚ್ಚದ ಬಗ್ಗೆ ಇಟ್ಟ ಬೇಡಿಕೆಯೊಂದು ನೇರವಾಗಿ ನಮ್ಮ ಬ್ರಾಂಚುಗಳ ಮೇಲೆ ಬಂದು ಬೀಳುತ್ತದೆ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್, ಮೂರರ ಮೇಲೂ. (ಸಿವಿಲ್‌ನವರು ಬೇಜಾರು ಮಾಡ್ಕೋಬೇಡಿ, ಮನೆ ಬಾಡಿಗೆ ವಿಷಯವೂ ಬರುತ್ತೆ.)

ಅಭ್ಯರ್ಥಿಯ ಹೆಸರು ಮರೀ ಗ್ಲೂಸೆನ್‌ಕ್ಯಾಂಪ್ ಪೆರೆಜ್. ಪಕ್ಷ ಡೆಮಾಕ್ರಟಿಕ್. ಕ್ಷೇತ್ರ ವಾಷಿಂಗ್ಟನ್ ರಾಜ್ಯದ ಮೂರನೆಯದು. ವಾಷಿಂಗ್ಟನ್ ಅಂದ ತಕ್ಷಣ ವೈಟ್ ಹೌಸ್ ಇರೋ ಊರು ಅಂದುಕೊಳ್ಳಬೇಡಿ. ಇದು ದೇಶದ ಇನ್ನೊಂದು ತುದಿಯ, ವಾಯವ್ಯ ಮೂಲೆಯ ರಾಜ್ಯ. ಈ ಕ್ಷೇತ್ರ ಆ ರಾಜ್ಯದ ದಕ್ಷಿಣದ ಅಂಚಿನಲ್ಲಿ, ಕೊಲಂಬಿಯಾ ನದಿಯ ದಂಡೆಯಲ್ಲಿದೆ. ವ್ಯಾಂಕೂವರ್ ಅನ್ನೋ ಒಂದು ದೊಡ್ಡ ಊರು (ಕೆನಡಾದ್ದಲ್ಲ, ಹೆಸರು ಮಾತ್ರ ಅದೇ), ಅದನ್ನು ಬಿಟ್ಟರೆ ಹೆಚ್ಚಾಗಿ ಸಣ್ಣ ಪೇಟೆಗಳು, ಕಾಡು, ಮರದ ಉದ್ಯಮ. ನದಿ ದಾಟಿದರೆ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರ. ಅಲ್ಲೇ ಇವರು ಅರ್ಥಶಾಸ್ತ್ರ ಓದಿದ್ದು, ಅಲ್ಲೇ ಗಂಡನ ಜೊತೆ ಸೇರಿ ಕಾರು ರಿಪೇರಿ ಗ್ಯಾರೇಜು ನಡೆಸಿದ್ದು.

ಇವರು ಗೆಲ್ತಾರೆ ಅಂತ ಬಹುತೇಕ ಯಾರೂ ಅಂದುಕೊಂಡಿರಲಿಲ್ಲ. ಫೈವ್‌ಥರ್ಟಿಎಯ್ಟ್ ಅನ್ನೋ ಪ್ರಸಿದ್ಧ ಚುನಾವಣಾ ಲೆಕ್ಕಾಚಾರದ ತಾಣ ಎದುರಾಳಿ ಜೋ ಕೆಂಟ್ ಅವರಿಗೆ ನೂರಕ್ಕೆ 98 ಪಾಲು ಗೆಲುವಿನ ಸಾಧ್ಯತೆ ಕೊಟ್ಟಿತ್ತು. ಟ್ರಂಪ್ ಅವರಿಗೆ ಹೆಚ್ಚು ವೋಟು ಬೀಳುವ ಜಾಗ ಅದು. ಕೊನೆಗೆ ಸುಮಾರು 2,600 ವೋಟಿನಲ್ಲಿ ಇವರು ಗೆದ್ದರು. 2024ರಲ್ಲಿ ಅದೇ ಎದುರಾಳಿ ಮತ್ತೆ ಬಂದಾಗ ಇನ್ನೂ ಹೆಚ್ಚಿನ ಅಂತರದಲ್ಲಿ ಗೆದ್ದರು, ಅದೇ ಚುನಾವಣೆಯಲ್ಲಿ ಅದೇ ಕ್ಷೇತ್ರದ ಜನ ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಅವರನ್ನೇ ಆರಿಸಿದ್ದರೂ. ಸೈಕಾಲಜಿ ಎಲೆಕ್ಟಿವ್ ತಗೊಂಡವರು ಯಾರಾದ್ರೂ ಇದರ ಮೇಲೆ ಬರೀಬಹುದು. ನಮಗೆ ಬೇಕಾಗಿರೋದು ಪ್ರಣಾಳಿಕೆ.

2022 ಅಂದ್ರೆ ಅಮೆರಿಕದಲ್ಲಿ ಬೆಲೆ ಏರಿಕೆಯ ವರ್ಷ. ಜೂನ್‌ನಲ್ಲಿ ಹಣದುಬ್ಬರ 9.1 ಶೇಕಡಾ ಮುಟ್ಟಿತು, ನಲವತ್ತು ವರ್ಷದಲ್ಲಿ ಅಷ್ಟು ಆಗಿರಲಿಲ್ಲ. ಪೆಟ್ರೋಲು ಗ್ಯಾಲನ್ನಿಗೆ ಸರಾಸರಿ 5 ಡಾಲರ್ ದಾಟಿತು. ಹಳೇ ಕಾರುಗಳ ಬೆಲೆ ಆ ವರ್ಷದ ಜನವರಿಯಲ್ಲಿ ಹಿಂದಿನ ಜನವರಿಗಿಂತ 40 ಶೇಕಡಾಕ್ಕೂ ಜಾಸ್ತಿ. ಚಿಪ್ಪುಗಳ ಕೊರತೆಯಿಂದ ಹೊಸ ಕಾರು ಬರ್ತಿರಲಿಲ್ಲ, ಹಾಗಾಗಿ ಜನ ಹಳೇದಕ್ಕೇ ಮುಗಿಬಿದ್ದರು. ಇಂಥ ವರ್ಷದಲ್ಲಿ ಎಲ್ಲ ಅಭ್ಯರ್ಥಿಗಳೂ ಬೆಲೆ ಬಗ್ಗೆ ಮಾತಾಡಲೇಬೇಕು. ರಿಪಬ್ಲಿಕನ್ನರು ಬೈಡನ್ ಸರ್ಕಾರದ ಖರ್ಚೇ ಕಾರಣ ಅಂದರು. ಡೆಮಾಕ್ರಟರು ಆಗಷ್ಟೇ ಪಾಸಾದ ಕಾನೂನನ್ನು, ಅದರಲ್ಲಿ ಮೆಡಿಕೇರ್ ಸೌಲಭ್ಯ ಇರುವವರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರದ ಹಾಗೆ ಮಾಡಿದ್ದನ್ನು ತೋರಿಸಿದರು.

ಗ್ಯಾರೇಜಿನಿಂದ ಬಂದ ಈ ಅಭ್ಯರ್ಥಿಯ ಪಟ್ಟಿಯಲ್ಲಿ ಮಗು ನೋಡಿಕೊಳ್ಳುವ ಕೇಂದ್ರಗಳ ದುಬಾರಿ ಇತ್ತು (ಡೇಕೇರ್ ಸಿಗದೆ ತಮ್ಮ ಮಗುವನ್ನು ಗ್ಯಾರೇಜಿಗೇ ಕರಕೊಂಡು ಹೋಗಬೇಕಾಗಿತ್ತು ಅಂತ ಹೇಳಿಕೊಂಡಿದ್ದರು), ಹೈಸ್ಕೂಲುಗಳಲ್ಲಿ ಮುಚ್ಚಿಹೋದ ವರ್ಕ್‌ಶಾಪ್ ಕ್ಲಾಸುಗಳನ್ನು ಮತ್ತೆ ತೆರೆಯೋ ಮಾತಿತ್ತು. ಮತ್ತೆ ಬೇರೆಯವರ ಪಟ್ಟಿಗಳಲ್ಲಿ ಅಷ್ಟಾಗಿ ಕಾಣದ ಒಂದು ಇತ್ತು: ರಿಪೇರಿ ಮಾಡಿಕೊಳ್ಳುವ ಹಕ್ಕು. ನೀವು ದುಡ್ಡು ಕೊಟ್ಟು ತಗೊಂಡ ವಸ್ತು ಕೆಟ್ಟರೆ ಅದನ್ನು ನೀವೇ ಸರಿಮಾಡಿಕೊಳ್ಳಲು, ಇಲ್ಲಾ ನಿಮಗಿಷ್ಟ ಬಂದವರ ಹತ್ತಿರ ಮಾಡಿಸಿಕೊಳ್ಳಲು ಕಂಪನಿ ಅಡ್ಡ ಬರಬಾರದು.

ಮೊದಲು ಓದಿದಾಗ ನಮಗೂ ಇದೇನು ಜೀವನ ವೆಚ್ಚದ ವಿಷಯವಾ ಅನ್ನಿಸಿತು. ಅಕ್ಕಿ, ಬಾಡಿಗೆ, ಔಷಧಿ ಬಿಟ್ಟು ಸ್ಪ್ಯಾನರ್ ಹಿಡಕೊಂಡು ಬಂದ ಹಾಗೆ. ಆಮೇಲೆ ಲೆಕ್ಕ ಹಾಕಿದೆವು. ಅಮೆರಿಕದ ಒಂದು ಸರಾಸರಿ ಮನೆಯ ಖರ್ಚಿನಲ್ಲಿ ಮೂರನೇ ಒಂದು ಭಾಗ ವಸತಿಗೆ ಹೋಗುತ್ತೆ. ಎರಡನೇ ದೊಡ್ಡ ಬಾಬ್ತು ಯಾವುದು? ಊಟ ಅಲ್ಲ. ಓಡಾಟ. ಸುಮಾರು ಆರನೇ ಒಂದು ಭಾಗ. ಸಣ್ಣ ಊರುಗಳಲ್ಲಿ ನಮ್ಮ ಕೆಂಪು ಬಸ್ಸಿನ ಥರ ಗಂಟೆಗೊಂದು ಬಸ್ಸು ಇರೋದಿಲ್ಲ. ಕಾರು ನಿಂತರೆ ಕೆಲಸಕ್ಕೆ ಹೋಗೋದು ನಿಲ್ಲುತ್ತೆ, ಕೆಲಸಕ್ಕೆ ಹೋಗದಿದ್ರೆ ಸಂಬಳ ನಿಲ್ಲುತ್ತೆ. ಹದಿನೈದು ವರ್ಷದ ಹಳೇ ಕಾರು ಇನ್ನೆರಡು ವರ್ಷ ಓಡೋದು ಆ ಮನೆಗೆ ಯಾವ ಸಬ್ಸಿಡಿಗಿಂತಲೂ ದೊಡ್ಡದು. ಅದು ಓಡುತ್ತಾ ಇಲ್ಲವಾ ಅನ್ನೋದು ಪಕ್ಕದ ರಸ್ತೆಯ ಮೆಕ್ಯಾನಿಕ್ ಕೈಗೆ ಏನೇನು ಸಿಗುತ್ತೆ ಅನ್ನೋದರ ಮೇಲೆ ನಿಂತಿದೆ.

ಇಲ್ಲಿಂದ ಮುಂದೆ ನಮ್ಮ ಸಿಲಬಸ್ಸು. ಅಮೆರಿಕದಲ್ಲಿ 1996ರಿಂದ ಮಾರಾಟವಾದ ಪ್ರತಿಯೊಂದು ಕಾರಿಗೂ ಓಬಿಡಿ-2 ಪೋರ್ಟ್ ಕಡ್ಡಾಯ. ಮಾಲಿನ್ಯ ನಿಯಂತ್ರಣಕ್ಕಾಗಿ ತಂದ ನಿಯಮ ಅದು. ಅದರ ಪುಣ್ಯದಿಂದ ಯಾವ ಗ್ಯಾರೇಜಿನವನಾದ್ರೂ ಒಂದು ಸ್ಕ್ಯಾನರ್ ಚುಚ್ಚಿ ಎರರ್ ಕೋಡ್ ಓದಬಹುದಿತ್ತು. ಆದರೆ ಆ ಪೋರ್ಟಿನಲ್ಲಿ ಎಲ್ಲರಿಗೂ ಸಮಾನವಾಗಿ ಸಿಗೋದು ಮುಖ್ಯವಾಗಿ ಎಂಜಿನ್ನು ಮತ್ತು ಹೊಗೆಗೆ ಸಂಬಂಧಪಟ್ಟ ಕೋಡುಗಳು. ಬ್ರೇಕು, ಸ್ಟೀರಿಂಗು, ಬಾಡಿ ಕಂಟ್ರೋಲ್, ಇವುಗಳ ಮಾಡ್ಯೂಲುಗಳಿಗೆ ಕಂಪನಿ ತನ್ನದೇ ಭಾಷೆ, ತನ್ನದೇ ಬೀಗ ಇಟ್ಟುಕೊಳ್ಳಬಹುದು. ಹೊಸ ಭಾಗ ಹಾಕಿದ ಮೇಲೂ "ಇದು ನನ್ನ ಭಾಗವೇ" ಅಂತ ಇಸಿಯು ಒಪ್ಪಬೇಕಾದ್ರೆ ಡೀಲರ್ ಹತ್ತಿರ ಇರೋ ಸಾಫ್ಟ್‌ವೇರ್ ಬೇಕಾಗುವ ಪರಿಸ್ಥಿತಿ ಬಂತು. ಕೈಯಲ್ಲಿ ಕಸುಬು ಇದೆ, ಭಾಗ ಇದೆ, ಬೋಲ್ಟು ಬಿಗಿದಾಯ್ತು, ಆದರೂ ಗಾಡಿ ಸ್ಟಾರ್ಟ್ ಆಗಲ್ಲ. ಇಲ್ಲಿ ಅಡ್ಡ ನಿಂತಿರೋದು ನಾಲ್ಕು ಸಾಲಿನ ಕೋಡು.

ಮ್ಯಾಸಚೂಸೆಟ್ಸ್ ರಾಜ್ಯದ ಕಥೆ ಇದರಲ್ಲಿ ಬಹಳ ಸ್ವಾರಸ್ಯ. 2012ರಲ್ಲಿ ಅಲ್ಲಿಯ ಜನ ನೇರ ವೋಟು ಹಾಕಿ, ಡೀಲರಿಗೆ ಕೊಡೋ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕು ಅನ್ನೋ ಕಾನೂನಿಗೆ ಒಪ್ಪಿಗೆ ಕೊಟ್ಟರು. ಎರಡು ವರ್ಷದೊಳಗೆ ಕಾರು ತಯಾರಕರು ಇಡೀ ದೇಶಕ್ಕೆ ಅದನ್ನು ಅನ್ವಯಿಸ್ತೀವಿ ಅಂತ ಒಪ್ಪಂದ ಮಾಡಿಕೊಂಡರು. ಅಲ್ಲಿಗೆ ಮುಗೀತು ಅನ್ನಬೇಕು. ಆದರೆ ಕಾರುಗಳು ಅಷ್ಟರಲ್ಲಿ ತಮ್ಮ ಡೇಟಾವನ್ನು ವೈರ್‌ಲೆಸ್ ಮೂಲಕ ನೇರ ಕಂಪನಿಯ ಸರ್ವರಿಗೆ ಕಳಿಸಲು ಶುರುಮಾಡಿದ್ದವು. ಕಾನೂನು ಕಾಯ್ತಿದ್ದದ್ದು ಪೋರ್ಟನ್ನು, ಡೇಟಾ ಹೋಗ್ತಿದ್ದದ್ದು ಗಾಳಿಯಲ್ಲಿ. ಬಾಗಿಲಿಗೆ ಕಾವಲು ಹಾಕಿದ್ರೆ ಕಿಟಕಿಯಿಂದ ಹೋದ ಹಾಗೆ. 2020ರಲ್ಲಿ ಜನ ಮತ್ತೆ ವೋಟು ಹಾಕಿ ಅದನ್ನೂ ಸೇರಿಸಿದರು. ತಯಾರಕರು ಕೋರ್ಟಿಗೆ ಹೋದರು.

ಗೆದ್ದು ಹೋದ ಮೇಲೆ ಗ್ಲೂಸೆನ್‌ಕ್ಯಾಂಪ್ ಪೆರೆಜ್ ಈ ವಿಷಯ ಮರೆಯಲಿಲ್ಲ ಅನ್ನೋದು ನಮಗೆ ಹಿಡಿಸಿತು. 2023ರ ಆರಂಭದಲ್ಲೇ, ಇಡೀ ದೇಶಕ್ಕೆ ಅನ್ವಯವಾಗುವ ರಿಪೇರ್ ಆ್ಯಕ್ಟ್ ಅನ್ನೋ ಮಸೂದೆಯನ್ನು ಎರಡೂ ಪಕ್ಷದ ಕೆಲವು ಸದಸ್ಯರು ಮಂಡಿಸಿದಾಗ ಅದರ ಮುಂದಾಳುಗಳಲ್ಲಿ ಇವರೂ ಒಬ್ಬರು. ಗಾಡಿ ಹುಟ್ಟಿಸುವ ಡೇಟಾ ಗಾಡಿಯ ಮಾಲೀಕರಿಗೆ ಸಿಗಬೇಕು, ಅವರು ಹೇಳಿದ ಗ್ಯಾರೇಜಿಗೂ ಸಿಗಬೇಕು, ವೈರ್‌ಲೆಸ್ ಆದ್ರೂ ಸರಿ ಅನ್ನೋದು ಅದರ ತಿರುಳು. ಆ ಅವಧಿಯಲ್ಲಿ ಅದು ಕಾನೂನಾಗಲಿಲ್ಲ. 2025ರಲ್ಲಿ ಮತ್ತೆ ಮಂಡನೆಯಾಯಿತು. ಅಂದ್ರೆ ಪ್ರಣಾಳಿಕೆಯ ಈ ಸಾಲಿನಿಂದ 2022ರಲ್ಲಿ ಅವರಿಗೆ ವೋಟು ಹಾಕಿದವರ ಒಂದು ಬಿಲ್ಲೂ ಆಗ ಇಳಿಯಲಿಲ್ಲ. ಇದನ್ನು ಮುಚ್ಚಿಟ್ಟು ಹೊಗಳೋದು ಸರಿಯಲ್ಲ.

ಆದರೆ ರಾಜ್ಯಗಳಲ್ಲಿ ಕೆಲಸ ನಡೀತು. ಕೊಲೊರಾಡೊ ರಾಜ್ಯ 2022ರಲ್ಲಿ ಮೋಟಾರ್ ಇರೋ ಗಾಲಿಕುರ್ಚಿಗಳಿಗೆ, 2023ರಲ್ಲಿ ಕೃಷಿ ಯಂತ್ರಗಳಿಗೆ ಈ ಹಕ್ಕು ಕೊಟ್ಟಿತು. ಗಾಲಿಕುರ್ಚಿ ಅನ್ನೋದನ್ನು ಇನ್ನೊಂದು ಸಲ ಓದಿ. ನಡೆಯೋಕಾಗದ ಒಬ್ಬ ಮನುಷ್ಯ ಕುರ್ಚಿಯ ಸಣ್ಣ ರಿಪೇರಿಗೆ ಅಧಿಕೃತ ತಂತ್ರಜ್ಞ ಬರೋವರೆಗೂ ಹಾಸಿಗೆಯಲ್ಲೇ ಕಾಯಬೇಕು ಅನ್ನೋ ದೂರು ಆ ಕಾನೂನಿನ ಹಿಂದೆ ಇತ್ತು. 2024ರಲ್ಲಿ ಅವರ ಗ್ಯಾರೇಜಿದ್ದ ಆರೆಗಾನ್ ರಾಜ್ಯ, ಕಾರಿಗಲ್ಲ, ಫೋನಿನಂಥ ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ, ಭಾಗವನ್ನು ಸಾಫ್ಟ್‌ವೇರಿನಿಂದ ಕಟ್ಟಿಹಾಕುವುದನ್ನೇ ನಿರ್ಬಂಧಿಸಿತು. ದೇಶದಲ್ಲಿ ಅದೇ ಮೊದಲು. 2025ರ ಜನವರಿಯಲ್ಲಿ ಕೇಂದ್ರದ ಫೆಡರಲ್ ಟ್ರೇಡ್ ಕಮಿಷನ್ ಎರಡು ರಾಜ್ಯಗಳ ಜೊತೆ ಸೇರಿ, ಟ್ರ್ಯಾಕ್ಟರ್ ರಿಪೇರಿಯನ್ನು ತನ್ನ ಡೀಲರ್‌ಗಳ ಕೈಯಲ್ಲೇ ಇಟ್ಟುಕೊಂಡಿದೆ ಅಂತ ಜಾನ್ ಡಿಯರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಕಂಪನಿ ಆರೋಪವನ್ನು ಅಲ್ಲಗಳೆದಿದೆ.

ತಯಾರಕರ ಕಡೆಯ ವಾದವನ್ನೂ ಕೇಳಬೇಕು, ಅದರಲ್ಲೂ ನಮ್ಮಂಥವರು ಕೇಳಲೇಬೇಕು. ಅವರು ಹೇಳೋದು ಸುರಕ್ಷತೆ. ಕಾರಿನ ಬ್ರೇಕು, ಸ್ಟೀರಿಂಗು ಈಗ ನೆಟ್‌ವರ್ಕಿನಲ್ಲಿವೆ. ಹೊರಗಿನವರಿಗೆ ವೈರ್‌ಲೆಸ್ ಬಾಗಿಲು ತೆರೆದರೆ ಕಳ್ಳನೂ ಒಳಗೆ ಬರ್ತಾನೆ. 2023ರ ಜೂನ್‌ನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯೇ ಈ ಕಾರಣ ಕೊಟ್ಟು ಮ್ಯಾಸಚೂಸೆಟ್ಸ್ ಕಾನೂನನ್ನು ಪಾಲಿಸಬೇಡಿ ಅಂತ ತಯಾರಕರಿಗೆ ಪತ್ರ ಬರೆದಿತ್ತು. ಎರಡೇ ತಿಂಗಳಲ್ಲಿ ನಿಲುವು ಸಡಿಲಿಸಿ, ಗಾಡಿಯ ಹತ್ತಿರ ಇದ್ದಾಗ ಮಾತ್ರ ಕೆಲಸ ಮಾಡುವ ಬ್ಲೂಟೂತ್‌ನಂಥ ದಾರಿ ಆಗಬಹುದು ಅಂದಿತು. ನಮಗೆ ಇದು ಬಹಳ ಪಾಠ ಹೇಳುವ ಪ್ರಸಂಗ ಅನ್ನಿಸಿತು. ಅಪಾಯ ಸುಳ್ಳಲ್ಲ. ಆದರೆ ಉತ್ತರ "ಕೊಡಲ್ಲ" ಅಂತ ಆಗಬೇಕಿರಲಿಲ್ಲ. ಅದೊಂದು ಡಿಸೈನ್ ಸಮಸ್ಯೆಯಾಗಿತ್ತು, ಡಿಸೈನ್‌ನಲ್ಲೇ ಪರಿಹಾರ ಇತ್ತು. ಟ್ರೇಡ್ ಕಮಿಷನ್ 2021ರ ವರದಿಯಲ್ಲಿ, ರಿಪೇರಿಗೆ ಅಡ್ಡಿ ಮಾಡಲು ತಯಾರಕರು ಕೊಡುವ ಕಾರಣಗಳಿಗೆ ಸಾಕ್ಷ್ಯ ಬಹಳ ಕಡಿಮೆ ಅಂತ ಬರೆದಿತ್ತು. ಕ್ರಿಪ್ಟೋಗ್ರಫಿ ಕ್ಲಾಸಲ್ಲಿ ಸಂಜೆ ನಾಲ್ಕಕ್ಕೆ ನಿದ್ದೆ ಹೋಗೋ ನಾವು ಇದನ್ನು ಯಾವ ಬಾಯಿಂದ ಹೇಳ್ತಿದೀವೋ, ಆದ್ರೂ ಹೇಳ್ತೀವಿ: ಬೀಗ ಯಾರ ವಿರುದ್ಧ ಅಂತ ಕೇಳಬೇಕು. ಕಳ್ಳನ ವಿರುದ್ಧವೋ, ಮಾಲೀಕನ ವಿರುದ್ಧವೋ?

ಇನ್ನೊಂದು ಆಕ್ಷೇಪ ನಮ್ಮೊಳಗೇ ಬಂತು, ಅದಕ್ಕೆ ನಮ್ಮ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೂರನೇ ಒಂದು ಭಾಗ ತಿನ್ನೋ ಮನೆ ಬಾಡಿಗೆಗೆ ಈ ಹಕ್ಕು ಏನೂ ಮಾಡಲ್ಲ. ಆಸ್ಪತ್ರೆ ಬಿಲ್ಲಿಗೂ ಮಾಡಲ್ಲ. ದೊಡ್ಡ ಗಾಯ ಬಿಟ್ಟು ಉಗುರು ಸುತ್ತಿಗೆ ಮುಲಾಮು ಹಚ್ಚಿದ ಹಾಗೆ ಅಂತ ಒಬ್ಬಳು ಹೇಳಿದಳು. ಹೌದು. ಒಂದು ಕ್ಷೇತ್ರದ ಒಬ್ಬ ಸದಸ್ಯೆ, ಒಟ್ಟು 435ರಲ್ಲಿ ಒಬ್ಬರು, ಎರಡೇ ವರ್ಷದ ಅವಧಿ. ಅಂಥವರು ಬಾಡಿಗೆ ಇಳಿಸ್ತೀನಿ ಅಂತ ಭಾಷಣ ಮಾಡೋದಕ್ಕಿಂತ ತಮಗೆ ಕೈಯಾರೆ ಗೊತ್ತಿರೋದನ್ನು ಹಿಡಿದದ್ದು ವಾಸಿ ಅಂತ ನಮ್ಮಲ್ಲಿ ಹೆಚ್ಚಿನವರ ಅಭಿಪ್ರಾಯ. ಆ ಒಬ್ಬಳ ಅಭಿಪ್ರಾಯ ಬದಲಾಗಿಲ್ಲ. ಅವಳು ಸಿವಿಲ್.

ನಿಜವಾದ ಜಗಳ ನಡೆದದ್ದು ಬೇರೆ ವಿಷಯಕ್ಕೆ. ಬೈಡನ್ ಸರ್ಕಾರ 2022ರಲ್ಲಿ ಶಿಕ್ಷಣ ಸಾಲದಲ್ಲಿ 10,000 ಡಾಲರ್, ಬಡ ಕುಟುಂಬದವರಿಗಾಗಿ ಇರೋ ಪೆಲ್ ಅನುದಾನ ಪಡೆದಿದ್ದವರಿಗೆ 20,000 ಡಾಲರ್ ಮನ್ನಾ ಮಾಡ್ತೀವಿ ಅಂದಿತ್ತು. 2023ರ ಮೇ ತಿಂಗಳಲ್ಲಿ ಅದನ್ನು ರದ್ದು ಮಾಡಲು ರಿಪಬ್ಲಿಕನ್ನರು ತಂದ ನಿರ್ಣಯದ ಪರ ವೋಟು ಹಾಕಿದ ಡೆಮಾಕ್ರಟರು ಇಬ್ಬರೇ. ಅವರಲ್ಲಿ ಒಬ್ಬರು ಇವರು. ಆ ನಿರ್ಣಯಕ್ಕೆ ಬೈಡನ್ ವೀಟೋ ಹಾಕಿದರು, ಆದರೆ ಜೂನ್ 30ಕ್ಕೆ ಸುಪ್ರೀಂ ಕೋರ್ಟೇ ಮನ್ನಾ ಯೋಜನೆಯನ್ನು ಹೊಡೆದುಹಾಕಿತು. ಇವರ ವಾದ ಇಷ್ಟು: ನನ್ನ ಕ್ಷೇತ್ರದ ಹೆಚ್ಚಿನವರು ಡಿಗ್ರಿ ಮಾಡಿದವರಲ್ಲ, ಡಿಗ್ರಿ ಮಾಡಿದವರ ಸಾಲಕ್ಕೆ ಎಷ್ಟು ಕೊಡ್ತೀರೋ ಅಷ್ಟೇ ಕಸುಬು ಕಲಿಯೋರಿಗೂ ಕೊಡಿ.

ಎಜುಕೇಷನ್ ಲೋನ್ ಇರೋ ನಮ್ಮ ಅರ್ಧ ತಂಡಕ್ಕೆ ಇದು ಕೇಳಿ ಉರಿದುಹೋಯಿತು. ಕಂತು ಕಟ್ಟೋ ಚಿಂತೆ ಮೂರನೇ ಸೆಮಿಸ್ಟರಿಂದಲೇ ಶುರುವಾಗಿರೋ ಮನೆಗಳಿಂದ ಬಂದವರು ನಾವು. ಆದರೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಬಂದ, ಡಿಪ್ಲೊಮಾ ಮಾಡಿದ ಗೆಳೆಯ ಒಂದು ಮಾತು ಕೇಳಿದ. "ನನ್ನ ಜೊತೆ ಎಸ್ಸೆಸ್ಸೆಲ್ಸಿ ಆದ್ಮೇಲೆ ಐಟಿಐಗೆ ಹೋದವನು ಟೂಲ್‌ಕಿಟ್ಟಿಗೆ ಚೀಟಿ ಹಾಕಿ ದುಡ್ಡು ಎತ್ತಿದ. ಅವನ ಸಾಲ ಯಾವ ಪಟ್ಟಿಯಲ್ಲಿದೆ?" ಟೇಬಲ್ಲು ಸ್ವಲ್ಪ ಹೊತ್ತು ಸುಮ್ಮನಾಯ್ತು. ಲ್ಯಾಬಿನಲ್ಲಿ ಲೇತ್ ಮುಂದೆ ನಿಂತಾಗ ನಾವೆಲ್ಲ ಇವನ ಮುಖ ನೋಡ್ತೀವಿ ಅನ್ನೋದೂ ನೆನಪಾಯ್ತು.

ನಮ್ಮ ತೀರ್ಮಾನ: ಅವರು ಕೇಳಿದ ಪ್ರಶ್ನೆ ಸರಿ, ಹಾಕಿದ ವೋಟು ತಪ್ಪು. ಮನ್ನಾ ರದ್ದಾದ ಮಾತ್ರಕ್ಕೆ ಆ ದುಡ್ಡು ಕಸುಬಿನ ಶಾಲೆಗಳಿಗೆ ಹರಿದು ಬರಲಿಲ್ಲ. ಒಬ್ಬರ ತಟ್ಟೆ ಎಳೆದುಕೊಂಡರೆ ಇನ್ನೊಬ್ಬರಿಗೆ ಊಟ ಬಡಿಸಿದಂತೆ ಆಗಲ್ಲ. ಎರಡೂ ತಟ್ಟೆ ಬೇಕು ಅಂತ ಒಳಗೇ ಕೂತು ಹಟ ಮಾಡಬೇಕಿತ್ತು. ಆದರೂ, ಡಿಗ್ರಿ ಇರೋರ ಕಷ್ಟವೇ ದೇಶದ ಕಷ್ಟ ಅಂದುಕೊಳ್ಳೋ ಅಭ್ಯಾಸ ನಮಗೂ ಇದೆ ಅಂತ ಒಪ್ಪಿಕೊಳ್ಳದೆ ಈ ಪ್ಯಾರಾ ಮುಗಿಸೋಕಾಗಲ್ಲ.

ಈಗ ನಮ್ಮೂರಿನ ಗಾಡಿಗೆ ಬರೋಣ. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್-6 ಬಂತು, ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ನು, ಸೆನ್ಸರ್‌ಗಳು, ಇಸಿಯು ಬಂದವು. ಗಾಳಿಗೆ ಒಳ್ಳೇದೇ ಆಯ್ತು. ನಮ್ಮ ಗೇಟಿನ ಎದುರಿನ ಗ್ಯಾರೇಜಿನ ಅಣ್ಣನಿಗೆ ಮಾತ್ರ ಆಗಲಿಲ್ಲ. ಸ್ಕ್ರೂಡ್ರೈವರ್ ತಿರುಗಿಸಿ ಕಿವಿಯಿಂದಲೇ ಟ್ಯೂನಿಂಗ್ ಮಾಡ್ತಿದ್ದ ಮನುಷ್ಯ. ಹೋದ ಸೆಮಿಸ್ಟರ್ ನಮ್ಮವನೊಬ್ಬನ ಬೈಕಿನಲ್ಲಿ ಎಂಜಿನ್ ಲೈಟು ಹತ್ತಿಕೊಂಡಾಗ ಅಣ್ಣ ಅಂದ, "ಸ್ಕ್ಯಾನರ್ ಇಲ್ಲ ಕಣಪ್ಪ, ಒಂದೊಂದು ಕಂಪನಿಗೆ ಒಂದೊಂದು ಬೇಕು, ಎಲ್ಲಿಂದ ತರ್ಲಿ? ಸರ್ವಿಸ್ ಸೆಂಟರಿಗೇ ತಗೊಂಡ್ಹೋಗು." ಅಲ್ಲಿ ಒಂದು ದಿನ ಗಾಡಿ ಇಟ್ಟುಕೊಂಡರು. ಸೆನ್ಸರಿನ ಕನೆಕ್ಟರ್ ಸಡಿಲ ಆಗಿತ್ತಂತೆ. ಒತ್ತಿ ಕೂರಿಸಿ, ಕೋಡ್ ಅಳಿಸಿ, ಬಿಲ್ಲು ಕೊಟ್ಟರು. ಅವನ ಅರ್ಧ ತಿಂಗಳ ಮೆಸ್ಸು ಆ ಬಿಲ್ಲಿನಲ್ಲಿ ಹೋಯಿತು.

ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ವಸ್ತು, ವಾಹನ ಅಂತ ನಾಲ್ಕು ಕ್ಷೇತ್ರ ಗುರುತಿಸಿತು. ಡಿಸೆಂಬರ್‌ನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಕಂಪನಿಗಳು ಅದರಲ್ಲಿ ತಮ್ಮ ಸರ್ವಿಸ್ ಮಾಹಿತಿ ಹಾಕಬಹುದು. ಮಾಹಿತಿ ಹಾಕೋದು ಬೇರೆ, ಅಣ್ಣನ ಕೈಗೆ ಸ್ಕ್ಯಾನರ್ ಬರೋದು ಬೇರೆ. ನಮ್ಮ ಯಾವ ಪಕ್ಷದ ಅಭ್ಯರ್ಥಿಯಾದರೂ ಬೆಲೆ ಏರಿಕೆ ಭಾಷಣದಲ್ಲಿ ಇದನ್ನು ಎತ್ತಿದ್ದು ನಾವಂತೂ ಕೇಳಿಲ್ಲ. ಮುಂದಿನ ಸಲ ಮನೆ ಬಾಗಿಲಿಗೆ ಬಂದವರನ್ನು ಕೇಳೋ ಪ್ರಶ್ನೆಗಳಲ್ಲಿ ಇದೂ ಒಂದಿರಲಿ.

ಆದರೆ ಅಭ್ಯರ್ಥಿಗಳನ್ನಷ್ಟೇ ಕೇಳಿದ್ರೆ ಸಾಲದು. ಜಗತ್ತಿನ ದೊಡ್ಡ ದೊಡ್ಡ ವಾಹನ ಕಂಪನಿಗಳ, ಬಿಡಿಭಾಗ ತಯಾರಕರ ಸಾಫ್ಟ್‌ವೇರ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಅವು ಕ್ಯಾಂಪಸ್ಸಿಗೆ ಬಂದರೆ ಟೈ ಕಟ್ಟಿಕೊಂಡು ಮೊದಲ ಸಾಲಲ್ಲಿ ಕೂರೋದು ನಾವೇ. ಕೊಲಂಬಿಯಾ ನದಿ ದಂಡೆಯ ಒಂದು ಗ್ಯಾರೇಜಿನಲ್ಲಿ ಕಾರು ಯಾಕೆ ಸ್ಟಾರ್ಟ್ ಆಗ್ತಿಲ್ಲ ಅಂತ ತಲೆ ಕೆರಕೊಳ್ಳೋ ಮೆಕ್ಯಾನಿಕ್‌ಗೆ ಅಡ್ಡ ನಿಂತಿರೋ ಆ ನಾಲ್ಕು ಸಾಲಿನ ಕೋಡನ್ನು ಹೋದ ವರ್ಷ ಪಾಸಾದ ನಮ್ಮ ಸೀನಿಯರ್ ಬರೆದಿರಬಹುದು, ಮುಂದಿನ ವರ್ಷ ನಮ್ಮಲ್ಲೊಬ್ಬರು ಬರೆಯಬಹುದು. ಹೊಸದಾಗಿ ಸೇರಿದವನು ಮ್ಯಾನೇಜರ್ ಮುಂದೆ ಬೇಡ ಅನ್ನೋಕಾಗುತ್ತಾ? ಆಗಲ್ಲ. ಕೋಡ್ ರಿವ್ಯೂನಲ್ಲಿ "ಇದು ಯಾಕೆ ಬೇಕು?" ಅಂತ ಒಂದು ಕಾಮೆಂಟ್ ಹಾಕೋಕಾದ್ರೂ ಆಗುತ್ತಲ್ಲ.

ಸದ್ಯಕ್ಕೆ ಇಸಿ ಮತ್ತು ಮೆಕ್ಯಾನಿಕಲ್‌ನ ನಾಲ್ಕು ಜನ ಸೇರಿ ಮೈನರ್ ಪ್ರಾಜೆಕ್ಟಿಗೆ ಒಂದು ಅಗ್ಗದ ಕೋಡ್ ರೀಡರ್ ಮಾಡ್ತಿದ್ದಾರೆ, ಪರದೆಯ ಮೇಲೆ ಎರರ್‌ನ ಅರ್ಥ ಕನ್ನಡದಲ್ಲಿ ಬರೋ ಹಾಗೆ. ಎರಡು ಕಂಪನಿಯ ಬೈಕುಗಳಲ್ಲಿ ಓದ್ತಿದೆ, ಮೂರನೆಯದರಲ್ಲಿ ಉತ್ತರವೇ ಬರ್ತಿಲ್ಲ. ಗೇಟಿನ ಎದುರಿನ ಅಣ್ಣ ವಾರಕ್ಕೆರಡು ಸಂಜೆ ತನ್ನ ಶೆಡ್ಡು ಬಿಟ್ಟುಕೊಟ್ಟಿದ್ದಾನೆ. ಮೊದಲನೇ ರಿವ್ಯೂ ಮುಂದಿನ ತಿಂಗಳು. ನಿಮ್ಮ ಹತ್ತಿರ ಬಿಎಸ್-6 ಬೈಕು ಇದ್ದು, ಅರ್ಧ ಗಂಟೆ ಬಿಟ್ಟುಕೊಡೋ ಧೈರ್ಯ ಇದ್ದರೆ ಕ್ಲಬ್ಬಿನ ರೂಮಿನಲ್ಲಿ ಹೆಸರು ಬರೆಸಿ. ಗಾಡಿ ವಾಪಸ್ ಸ್ಟಾರ್ಟ್ ಮಾಡಿಯೇ ಕೊಡ್ತೀವಿ ಅಂತ ಅಣ್ಣ ಮಾತು ಕೊಟ್ಟಿದ್ದಾನೆ, ನಾವಲ್ಲ.